ಕಪ್ಪುಕುಳಿಯ ಲೆಕ್ಕ ಸಿಕ್ಕಿದೆ, ಒಳಗಿನ ನಕ್ಷೆ ಇನ್ನೂ ಸಿಕ್ಕಿಲ್ಲ

2025ರ ಜನವರಿ 14ರಂದು ಅಮೆರಿಕದ ಲೈಗೋ ಡಿಟೆಕ್ಟರ್‌ಗಳು ಹಿಡಿದ ಗುರುತ್ವ ಅಲೆ ಅಲ್ಲಿಯವರೆಗೆ ಸಿಕ್ಕವುಗಳಲ್ಲೆಲ್ಲ ಅತ್ಯಂತ ಸ್ಪಷ್ಟವಾದದ್ದು. ಸೂರ್ಯನ ಮೂವತ್ತು ಚಿಲ್ಲರೆ ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತ ಬಂದು ಒಂದಾಗಿದ್ದವು. ಒಂದಾಗುವ ಮುಂಚೆ ಎರಡರ ಮೇಲ್ಮೈ ಸೇರಿ ಸುಮಾರು 2,40,000 ಚದರ ಕಿ.ಮೀ. ಇತ್ತು, ಆಮೇಲೆ ಉಳಿದ ಒಂದೇ ಕುಳಿಯ ಮೇಲ್ಮೈ ಸುಮಾರು 4,00,000 ಚದರ ಕಿ.ಮೀ. ಕಪ್ಪುಕುಳಿಗಳ ಒಟ್ಟು ಮೇಲ್ಮೈ ಎಂದೂ ಕುಗ್ಗದು ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ್ದ ಮಾತು ಈ ಅಳತೆಯಲ್ಲಿ ಗಟ್ಟಿಯಾಗಿ ನಿಂತಿತು.

ಎಂದೂ ಕುಗ್ಗದ ಇನ್ನೊಂದು ರಾಶಿ ಭೌತಶಾಸ್ತ್ರದಲ್ಲಿ ಮೊದಲೇ ಇತ್ತು. ಅದು ಎಂಟ್ರೊಪಿ. ಮೇಲ್ಮೈಯೇ ಎಂಟ್ರೊಪಿ ಎಂದು ಜೇಕಬ್ ಬೆಕೆನ್‌ಸ್ಟೈನ್ 1972ರಲ್ಲಿ ವಾದಿಸಿದರು. 1974ರಲ್ಲಿ ಹಾಕಿಂಗ್ ಕಪ್ಪುಕುಳಿಗೆ ಉಷ್ಣತೆಯೂ ಇದೆ ಎಂದು ತೋರಿಸಿದ ಮೇಲೆ ಸೂತ್ರ ನಿಖರವಾಯಿತು: ದಿಗಂತದ (ದಾಟಿದರೆ ಬೆಳಕೂ ಮರಳದ ಆ ಮೇಲ್ಮೈಯ) ವಿಸ್ತೀರ್ಣವನ್ನು ಪ್ಲ್ಯಾಂಕ್ ಉದ್ದದ (1.6 × 10⁻³⁵ ಮೀಟರ್) ವರ್ಗದಿಂದ ಭಾಗಿಸಿ, ಬಂದದ್ದನ್ನು ಮತ್ತೆ 4ರಿಂದ ಭಾಗಿಸಬೇಕು. ಮೇಲಿನ 4 ಲಕ್ಷ ಚದರ ಕಿ.ಮೀ.ಗೆ ಇದು ಸುಮಾರು 4 × 10⁸⁰ ಆಗುತ್ತದೆ.

ಎಂಟ್ರೊಪಿ ಎಂದರೆ ಎಣಿಕೆ. ಹೊರಗಿನಿಂದ ಒಂದೇ ಥರ ಕಾಣುವ ವಸ್ತುವಿಗೆ ಒಳಗೆ ಎಷ್ಟು ಬೇರೆಬೇರೆ ಸೂಕ್ಷ್ಮಸ್ಥಿತಿಗಳು ಸಾಧ್ಯ ಎಂಬುದರ ಲಾಗರಿದಮ್ ಅದು. ಅನಿಲದ ಎಂಟ್ರೊಪಿ ಅಂದಾಗ ಅಣುಗಳ ಸ್ಥಾನ, ವೇಗಗಳನ್ನು ಎಣಿಸುತ್ತಿದ್ದೇವೆ ಎಂದು ಗೊತ್ತಿರುತ್ತದೆ. ಕಪ್ಪುಕುಳಿಯಲ್ಲಿ ಎಣಿಸುವುದು ಏನನ್ನು? ಐನ್‌ಸ್ಟೈನ್ ಸಮೀಕರಣಗಳ ಪ್ರಕಾರ ಅದಕ್ಕೆ ಇರುವುದು ದ್ರವ್ಯರಾಶಿ, ವಿದ್ಯುದಾವೇಶ, ತಿರುಗುವಿಕೆ ಎಂಬ ಮೂರೇ ಗುಣ. ಮೂರನ್ನೂ ಹೇಳಿದ ಮೇಲೆ ಬೇರೆಬೇರೆ ಸ್ಥಿತಿಗೆ ಜಾಗವೇ ಉಳಿಯುವುದಿಲ್ಲ, ಎಂಟ್ರೊಪಿ ಸೊನ್ನೆಯಾಗಬೇಕು. ಆದರೆ ಸೂರ್ಯನಷ್ಟೇ ದ್ರವ್ಯರಾಶಿಯ, 3 ಕಿ.ಮೀ. ತ್ರಿಜ್ಯದ ಕಪ್ಪುಕುಳಿಗೆ ಸೂತ್ರ ಕೊಡುವ ಎಂಟ್ರೊಪಿ 10⁷⁷. ನಮ್ಮ ಸೂರ್ಯನದು 10⁵⁸ರ ಆಸುಪಾಸು. ಈ ಅಂತರವನ್ನು ತುಂಬುವ ಸ್ಥಿತಿಗಳು ಯಾವುವು ಎಂಬ ಪ್ರಶ್ನೆಗೆ ಅಂಕಿ ಸಮೇತ ಮೊದಲು ಉತ್ತರ ಕೊಟ್ಟದ್ದು, ಮೂಲಕಣಗಳೆಲ್ಲ ಕಂಪಿಸುವ ಅತಿ ಸಣ್ಣ ಎಳೆಗಳು (ಸ್ಟ್ರಿಂಗ್) ಎನ್ನುವ ಸ್ಟ್ರಿಂಗ್ ಸಿದ್ಧಾಂತ. ಆ ಉತ್ತರ ಎಷ್ಟು ಗಟ್ಟಿ, ಎಲ್ಲಿಗೆ ನಿಲ್ಲುತ್ತದೆ ಎಂಬುದೇ ಈಗಿನ ಚರ್ಚೆ.

1996ರ ಜನವರಿಯಲ್ಲಿ ಆಂಡ್ರ್ಯೂ ಸ್ಟ್ರಾಮಿಂಗರ್ ಮತ್ತು ಕುಮ್ರುನ್ ವಾಫಾ ಹಾಕಿದ ದಾರಿಯನ್ನು ಬಿಡಿಸಿ ನೋಡೋಣ. ಸ್ಟ್ರಿಂಗ್ ಸಿದ್ಧಾಂತಕ್ಕೆ 10 ಆಯಾಮಗಳು ಬೇಕು. ಅವುಗಳಲ್ಲಿ ನಾಲ್ಕನ್ನು ಒಂದು ಸಣ್ಣ ಮುಚ್ಚಿದ ಆಕಾರವಾಗಿ ಸುರುಟಬೇಕು. ಅವರು ಬಳಸಿದ್ದು ಕೆ3 ಎಂಬ ಆಕಾರ. ನಾಲ್ಕು ಆಯಾಮದ ಟೋರಸ್ ಆದರೂ ನಡೆಯುತ್ತದೆ. ಐದನೆಯದನ್ನು ಅದಕ್ಕಿಂತ ದೊಡ್ಡ ವೃತ್ತವಾಗಿ ಬಿಡಬೇಕು. ಉಳಿದದ್ದು ಕಾಲವೂ ಸೇರಿ ಐದು ಆಯಾಮ, ಕಪ್ಪುಕುಳಿ ಕಾಣಿಸಿಕೊಳ್ಳುವುದು ಇಲ್ಲಿ.

ಈಗ ಸಾಮಗ್ರಿ. ಜೋಸೆಫ್ ಪೊಲ್ಚಿನ್‌ಸ್ಕಿ 1995ರಲ್ಲಿ ಡಿ-ಬ್ರೇನ್‌ಗಳಿಗೆ ಆವೇಶ ಇರುವುದನ್ನು ತೋರಿಸಿದ್ದರು. ತೆರೆದ ಸ್ಟ್ರಿಂಗ್‌ಗಳ ತುದಿಗಳು ಅಂಟಿಕೊಂಡಿರುವ ಹರವುಗಳಿವು. ಐದು ಆಯಾಮ ಚಾಚಿದ ಡಿ5 ಬ್ರೇನ್‌ಗಳನ್ನು ಸಣ್ಣ ಆಕಾರ ಮತ್ತು ವೃತ್ತ ಎರಡರ ಸುತ್ತಲೂ ಸುತ್ತಬೇಕು. ಗೆರೆಯಂಥ ಡಿ1 ಬ್ರೇನ್‌ಗಳನ್ನು ವೃತ್ತದ ಸುತ್ತ ಮಾತ್ರ ಸುತ್ತಬೇಕು. ಕೊನೆಗೆ ವೃತ್ತದ ಗುಂಟ ಒಂದೇ ದಿಕ್ಕಿಗೆ ಓಡುವ ಸಂವೇಗ ಸೇರಿಸಬೇಕು. ದೂರದಿಂದ ನೋಡುವವರಿಗೆ ಇದು ಮೂರು ಬಗೆಯ ಆವೇಶ ಹೊತ್ತ ಒಂದು ಬಿಂದು. ಮೂರರಲ್ಲಿ ಒಂದನ್ನು ಬಿಟ್ಟರೂ ಐನ್‌ಸ್ಟೈನ್ ಸಮೀಕರಣದ ಮಟ್ಟದಲ್ಲಿ ದಿಗಂತದ ವಿಸ್ತೀರ್ಣ ಸೊನ್ನೆಯಾಗಿಬಿಡುತ್ತದೆ, ಆದ್ದರಿಂದ ಮೂರೂ ಬೇಕು.

ಎಣಿಸುವುದು ಸಂವೇಗ ಹಂಚಿಕೊಳ್ಳುವ ಬಗೆಗಳನ್ನು. ಒಂದು ತುದಿ ಡಿ1ರ ಮೇಲೆ, ಇನ್ನೊಂದು ತುದಿ ಡಿ5ರ ಮೇಲೆ ಇರುವ ಸ್ಟ್ರಿಂಗ್‌ಗಳು ಪ್ರತಿ ಜೋಡಿಗೆ 4 ಬೋಸಾನ್, 4 ಫರ್ಮಿಯಾನ್ ಕಂಪನಗಳನ್ನು ಕೊಡುತ್ತವೆ. ಒಂದೇ ಸ್ಥಿತಿಯಲ್ಲಿ ಎಷ್ಟು ಬೇಕಾದರೂ ಕೂಡಬಹುದಾದವು ಬೋಸಾನ್, ಒಂದಕ್ಕಿಂತ ಹೆಚ್ಚು ಕೂಡದವು ಫರ್ಮಿಯಾನ್. ಬ್ರೇನ್ ಜೋಡಿ ಒಂದೇ ಇದೆ ಎಂದುಕೊಂಡು ಕೈಯಲ್ಲೇ ಲೆಕ್ಕ ಮಾಡಬಹುದು. ಸಂವೇಗ 1 ಏಕಕವಾದರೆ 8 ಬಗೆ, 2 ಆದರೆ 40, 3 ಆದರೆ 160, 4 ಆದರೆ 552. ಇದು ರಾಮಾನುಜನ್ ಮತ್ತು ಹಾರ್ಡಿ 1918ರಲ್ಲಿ ಬಿಡಿಸಿದ ವಿಭಜನೆಯ ಲೆಕ್ಕದ ಜಾತಿಯದೇ. 4ನ್ನು ಪೂರ್ಣಾಂಕಗಳ ಮೊತ್ತವಾಗಿ ಬರೆಯಲು 5 ದಾರಿ, 100ನ್ನು ಬರೆಯಲು 19,05,69,292 ದಾರಿ. ಸಂಖ್ಯೆ ದೊಡ್ಡದಾದಂತೆ ದಾರಿಗಳ ಲಾಗರಿದಮ್ ಆ ಸಂಖ್ಯೆಯ ವರ್ಗಮೂಲದ ಹಾಗೆ ಬೆಳೆಯುತ್ತದೆ. ಭೌತಶಾಸ್ತ್ರದಲ್ಲಿ ಇದರ ರೂಪಕ್ಕೆ ಕಾರ್ಡಿ ಸೂತ್ರ ಎನ್ನುತ್ತಾರೆ. ಅದನ್ನು ಹಾಕಿದರೆ ಎಂಟ್ರೊಪಿ ಬರುವುದು ಹೀಗೆ: ಡಿ1 ಸಂಖ್ಯೆ, ಡಿ5 ಸಂಖ್ಯೆ, ಸಂವೇಗ ಮೂರನ್ನೂ ಗುಣಿಸಿ, ವರ್ಗಮೂಲ ತೆಗೆದು, 2 ಪೈನಿಂದ ಗುಣಿಸಬೇಕು. ಮೂರೂ 100 ಆದರೆ ವರ್ಗಮೂಲ 1,000, ಎಂಟ್ರೊಪಿ 6,283. ಅಂದರೆ ಸ್ಥಿತಿಗಳ ಸಂಖ್ಯೆಗೆ ಸುಮಾರು 2,700 ಅಂಕೆಗಳು.

ಇನ್ನೊಂದು ಕಡೆಯಿಂದ, ಇದೇ ಆವೇಶಗಳ ಕಪ್ಪುಕುಳಿಯನ್ನು ಗುರುತ್ವ ಸಮೀಕರಣದಿಂದ ಬಿಡಿಸಿ, ದಿಗಂತದ ವಿಸ್ತೀರ್ಣ ತೆಗೆದು, ಬೆಕೆನ್‌ಸ್ಟೈನ್–ಹಾಕಿಂಗ್ ಸೂತ್ರಕ್ಕೆ ಹಾಕಿದರೂ 2 ಪೈ ಗುಣಿಸು ಅದೇ ವರ್ಗಮೂಲ. ವೃತ್ತದ ತ್ರಿಜ್ಯ, ಸಣ್ಣ ಆಕಾರದ ಗಾತ್ರ, ಸ್ಟ್ರಿಂಗ್‌ಗಳ ಪರಸ್ಪರ ಬಲ ಎಲ್ಲವೂ ಹೊಡೆದುಹೋಗಿ ಬರೀ ಪೂರ್ಣಾಂಕಗಳು ಉಳಿಯುತ್ತವೆ. ಸೂತ್ರದಲ್ಲಿರುವ 4 ಎಂಬ ಭಾಜಕ ಕೂಡ ಸರಿಯಾಗಿ ಬರುತ್ತದೆ. ಹೊಂದಿಸಿಕೊಳ್ಳಲು ಒಂದು ಸಂಖ್ಯೆಯೂ ಕೈಯಲ್ಲಿಲ್ಲದೆ ಬಂದ ಹೊಂದಾಣಿಕೆ ಇದು. ಇದರ ಬೆಲೆಯನ್ನು ಕಡಿಮೆ ಮಾಡಿ ಹೇಳುವ ಕಾರಣ ನನಗೆ ಕಾಣುವುದಿಲ್ಲ.

ಆದರೆ ಮೇಲಿನ ಎಣಿಕೆಯಲ್ಲಿ ಒಂದು ಕಡೆ ಎಡವುವ ಅಪಾಯವಿದೆ. ಕಾರ್ಡಿ ಸೂತ್ರ ನಡೆಯುವುದು ಹಂಚಬೇಕಾದ ಸಂವೇಗ ಹಂಚಿಕೊಳ್ಳುವ ಕಂಪನಗಳಿಗಿಂತ ತುಂಬ ಹೆಚ್ಚಿದ್ದಾಗ. ಮೂರೂ 100 ಇರುವ ಉದಾಹರಣೆಯಲ್ಲಿ 10,000 ಜೋಡಿಗಳಿಂದ 80,000 ಕಂಪನಗಳಿವೆ, ಹಂಚಲು ಇರುವುದು 100 ಏಕಕ. ಕನಿಷ್ಠ ಒಂದೊಂದು ಏಕಕ ಕೊಡಲೇಬೇಕೆಂದರೆ ಹೆಚ್ಚಿನ ಕಂಪನಗಳಿಗೆ ಏನೂ ಸಿಗುವುದಿಲ್ಲ. ನೇರವಾಗಿ ಎಣಿಸಿದರೆ ಎಂಟ್ರೊಪಿ 770ರ ಆಸುಪಾಸಿಗೆ ನಿಲ್ಲುತ್ತದೆ, 6,283ರ ಹತ್ತಿರಕ್ಕೂ ಹೋಗುವುದಿಲ್ಲ. ಬ್ರೇನ್‌ಗಳೆಲ್ಲ ಬಿಡಿಬಿಡಿ ಸುತ್ತುಗಳು ಎಂದುಕೊಂಡದ್ದೇ ಇಲ್ಲಿನ ತಪ್ಪು. 10,000 ಸುತ್ತುಗಳು ಕೂಡಿಕೊಂಡು, ಅಷ್ಟು ಬಾರಿ ಸುತ್ತಿದ ಮೇಲೆ ಮುಚ್ಚಿಕೊಳ್ಳುವ ಒಂದೇ ಉದ್ದದ ಸ್ಟ್ರಿಂಗ್ ಆಗಬಹುದು. ಆಗ ಕಂಪನಗಳು 8 ಮಾತ್ರ, ಆದರೆ ಸಂವೇಗವನ್ನು 10,000ನೇ ಒಂದು ಭಾಗದ ತುಣುಕುಗಳಲ್ಲಿ ಹಂಚಬಹುದು. 100 ಏಕಕ ಎಂಬುದು 10 ಲಕ್ಷ ತುಣುಕಾಗುತ್ತದೆ, ಎಂಟ್ರೊಪಿ ಮತ್ತೆ 6,283ಕ್ಕೆ ಬರುತ್ತದೆ. ಇದನ್ನು 1996ರಲ್ಲೇ ಹುವಾನ್ ಮಾಲ್ದಸೇನಾ ಮತ್ತು ಲಿಯೊನಾರ್ಡ್ ಸಸ್ಕಿಂಡ್ ತೋರಿಸಿದರು. ಈ ತುಣುಕು ಕಂಪನಗಳನ್ನು ನೆನಪಿಟ್ಟುಕೊಳ್ಳಬೇಕು. ಕಪ್ಪುಕುಳಿಯ ಎಂಟ್ರೊಪಿಯ ಬಹುಪಾಲು ಇರುವುದು ಇವುಗಳಲ್ಲೇ.

ಎರಡನೆಯ ತೊಡಕು ಇನ್ನೂ ಆಳದ್ದು. ಬ್ರೇನ್‌ಗಳನ್ನು ಎಣಿಸುವುದು ಸ್ಟ್ರಿಂಗ್‌ಗಳ ನಡುವಿನ ಬಲ ತೀರಾ ದುರ್ಬಲವಾಗಿರುವಾಗ. ಆ ಸ್ಥಿತಿಯಲ್ಲಿ ಗುರುತ್ವವೂ ದುರ್ಬಲ, ಬ್ರೇನ್‌ಗಳು ಚಪ್ಪಟೆ ಅವಕಾಶದಲ್ಲಿ (ಬಾಗದ ಸ್ಪೇಸ್‌ನಲ್ಲಿ) ಕುಳಿತಿರುತ್ತವೆ, ಕಪ್ಪುಕುಳಿ ಇರುವುದೇ ಇಲ್ಲ. ಬಲ ಮತ್ತು ಬ್ರೇನ್ ಸಂಖ್ಯೆಯ ಗುಣಲಬ್ಧ 1ಕ್ಕಿಂತ ಬಹಳ ದೊಡ್ಡದಾದಾಗ ಮಾತ್ರ ದಿಗಂತ ಮೂಡುತ್ತದೆ. ಅಲ್ಲಿ ನೇರ ಎಣಿಕೆ ಆಗದು. ಹಾಗಾದರೆ ಇಲ್ಲಿ ಎಣಿಸಿದ್ದು ಅಲ್ಲಿಗೆ ಹೇಗೆ ಸಲ್ಲುತ್ತದೆ? ಬೋಸಾನ್, ಫರ್ಮಿಯಾನ್‌ಗಳನ್ನು ಜೋಡಿಸುವ ಸಮ್ಮಿತಿಯಾದ ಸೂಪರ್‌ಸಿಮ್ಮೆಟ್ರಿಯ ಬಲದಿಂದ. ದ್ರವ್ಯರಾಶಿ ಆವೇಶಗಳು ಅನುಮತಿಸುವ ಕನಿಷ್ಠಕ್ಕೆ ಸರಿಯಾಗಿ ನಿಂತ ಸ್ಥಿತಿಗಳಿಗೆ (ಬಿಪಿಎಸ್ ಸ್ಥಿತಿಗಳು) ಒಂದು ಸೂಚ್ಯಂಕವನ್ನು ಲೆಕ್ಕ ಹಾಕಬಹುದು: ಬೋಸಾನ್ ಸ್ಥಿತಿಗಳ ಸಂಖ್ಯೆಯಿಂದ ಫರ್ಮಿಯಾನ್ ಸ್ಥಿತಿಗಳ ಸಂಖ್ಯೆ ಕಳೆದದ್ದು. ಬಲವನ್ನು ನಿಧಾನವಾಗಿ ಏರಿಸಿದಾಗ ಸ್ಥಿತಿಗಳು ಬೋಸಾನ್–ಫರ್ಮಿಯಾನ್ ಜೋಡಿಗಳಾಗಿಯೇ ಏಳುತ್ತವೆ, ಬೀಳುತ್ತವೆ. ಆದ್ದರಿಂದ ವ್ಯತ್ಯಾಸ ಹಾಗೇ ಉಳಿಯುತ್ತದೆ.

ಕಳೆಯುವ ಲೆಕ್ಕವಾದ್ದರಿಂದ ಸೂಚ್ಯಂಕ ನಿಜವಾದ ಸಂಖ್ಯೆಗಿಂತ ತೀರಾ ಸಣ್ಣದಾಗಿಬಿಡಬಹುದು. ಇದು ಬರೀ ಊಹೆಯ ಭಯವಲ್ಲ. ಆಂಟಿ-ಡಿ ಸಿಟರ್ ಎಂಬ ಬಾಗಿದ ಅವಕಾಶದ ಐದು ಆಯಾಮದ ಕಪ್ಪುಕುಳಿಗಳಿಗಾಗಿ 2005ರಲ್ಲಿ ಕಿನ್ನಿ, ಮಾಲ್ದಸೇನಾ, ಶಿರಾಜ್ ಮಿನ್ವಾಲಾ, ಸುವ್ರತ್ ರಾಜು ಸೂಚ್ಯಂಕ ಕಟ್ಟಿದರು. ಅದು ಕಪ್ಪುಕುಳಿಗೆ ಬೇಕಾದಷ್ಟು ಬೆಳೆಯದೆ ನಿಂತುಬಿಟ್ಟಿತು. ಸೂಚ್ಯಂಕದ ಚರಗಳಿಗೆ ಸಂಕೀರ್ಣ ಸಂಖ್ಯೆಗಳನ್ನು ಕೊಟ್ಟರೆ ಬೋಸಾನ್–ಫರ್ಮಿಯಾನ್ ರದ್ದತಿ ತಪ್ಪುತ್ತದೆ ಎಂದು 2018ರಲ್ಲಿ ಹಲವು ತಂಡಗಳು ಕಂಡುಕೊಂಡ ಮೇಲೆಯೇ ಸರಿಯಾದ ಎಂಟ್ರೊಪಿ ಹೊರಬಂತು. ಹದಿಮೂರು ವರ್ಷ ಅದೇ ಸೂಚ್ಯಂಕ ಎಲ್ಲರ ಕಣ್ಣೆದುರಿಗೇ ಇತ್ತು.

ವಿಸ್ತೀರ್ಣದ ಸೂತ್ರ ದೊಡ್ಡ ಆವೇಶಗಳಿಗೆ ಮಾತ್ರ ಸಲ್ಲುವ ಅಂದಾಜು. ನಿಜವಾದ ಸ್ಥಿತಿಸಂಖ್ಯೆ ಪೂರ್ಣಾಂಕವಾಗಿರಬೇಕು. ಗುರುತ್ವದ ಕಡೆಯಿಂದ ಆ ಪೂರ್ಣಾಂಕವನ್ನೇ ತೆಗೆಯಲಾದೀತೇ? ಈ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವ ಫಲಿತಾಂಶ ಇರುವುದು ಇಲ್ಲಿ. ನಾಲ್ಕು ಆಯಾಮದಲ್ಲಿ, ಅತಿ ಹೆಚ್ಚು ಸೂಪರ್‌ಸಿಮ್ಮೆಟ್ರಿ ಇರುವ ಸಿದ್ಧಾಂತದ ಒಂದು ಬಗೆಯ ಕಪ್ಪುಕುಳಿಗಳಿಗೆ ಎಲ್ಲ ಆವೇಶಗಳೂ ಸೇರಿ ಡೆಲ್ಟಾ ಎಂಬ ಒಂದೇ ಪೂರ್ಣಾಂಕವಾಗುತ್ತದೆ. ವಿಸ್ತೀರ್ಣದಿಂದ ಬರುವ ಎಂಟ್ರೊಪಿ ಪೈ ಗುಣಿಸು ಡೆಲ್ಟಾದ ವರ್ಗಮೂಲ. ಡೆಲ್ಟಾ 3 ಆದಾಗ ಬ್ರೇನ್ ಎಣಿಕೆ ಹೇಳುವ ಸ್ಥಿತಿಗಳು 8, ವಿಸ್ತೀರ್ಣ ಸೂತ್ರ ಹೇಳುವುದು ಸುಮಾರು 231. ಡೆಲ್ಟಾ 7 ಆದಾಗ ಎಣಿಕೆ 39, ಸೂತ್ರ 4,072. ಇಷ್ಟು ಸಣ್ಣ ಕುಳಿಗಳಲ್ಲಿ ಸೂತ್ರ ಪೂರ್ತಿ ಸೋಲುತ್ತದೆ, ಸೋಲಲೇಬೇಕು: ಕ್ವಾಂಟಮ್ ತಿದ್ದುಪಡಿಗಳು ಇಲ್ಲಿ ಮೂಲ ಪದದಷ್ಟೇ ದೊಡ್ಡವು.

ಅಶೋಕ್ ಸೇನ್ 2008ರಲ್ಲಿ ಈ ತಿದ್ದುಪಡಿಗಳಿಗೆ ಸರಿಯಾದ ವ್ಯಾಖ್ಯೆ ಕೊಟ್ಟರು. ದಿಗಂತದ ಹತ್ತಿರದ ಎರಡು ಆಯಾಮದ ಆಂಟಿ-ಡಿ ಸಿಟರ್ ಭಾಗದಲ್ಲಿ ಗುರುತ್ವದ ಎಲ್ಲ ಕ್ವಾಂಟಮ್ ಏರಿಳಿತಗಳನ್ನೂ ಕೂಡಿಸಬೇಕು ಎಂಬುದು ಅದರ ಸಾರ. ಹಾಗೆ ಕೂಡಿಸುವುದು ಅನಂತ ಚರಗಳ ಲೆಕ್ಕ. ಸೂಪರ್‌ಸಿಮ್ಮೆಟ್ರಿಯ ನೆರವಿನಿಂದ ಅತೀಶ್ ದಾಭೋಲ್ಕರ್, ಜೊವಾವ್ ಗೋಮೆಸ್, ಸಮೀರ್ ಮೂರ್ತಿ ಅದನ್ನು ಕೆಲವೇ ಚರಗಳಿಗೆ ಇಳಿಸಿದರು. ಇದಕ್ಕೆ ಲೋಕಲೈಸೇಶನ್ ಎನ್ನುತ್ತಾರೆ. ಬಂದ ಉತ್ತರ ಒಂದು ಬೆಸೆಲ್ ಫಲನ. ಡೆಲ್ಟಾ 3ಕ್ಕೆ ಅದರ ಬೆಲೆ 7.97, ಡೆಲ್ಟಾ 7ಕ್ಕೆ 38.99. ಗುರುತ್ವದ ಕಡೆಯಿಂದ ಮಾಡಿದ ಲೆಕ್ಕ, 231ರಿಂದ ಹೊರಟು 8ರ ಪಕ್ಕಕ್ಕೆ ಬಂದು ನಿಂತಿತು. ಉಳಿದ ಚೂರನ್ನು ತುಂಬುವ ಪದಗಳು ದಿಗಂತದ ಬಳಿಯ ಬೇರೆ ಆಕಾರಗಳಿಂದ ಬರುತ್ತವೆ. ಅನಂತ ಶ್ರೇಣಿಯನ್ನು ಪೂರ್ತಿ ಕೂಡಿದರೆ ಬರುವುದು ಸರಿಯಾಗಿ 8.

ದೊಡ್ಡ ಆವೇಶಗಳಿಗೂ ಇದರಿಂದ ಒಂದು ಪರೀಕ್ಷೆ ಸಿಗುತ್ತದೆ. ಬೆಸೆಲ್ ಫಲನವನ್ನು ಹಿಗ್ಗಿಸಿ ಬರೆದರೆ ವಿಸ್ತೀರ್ಣದ ಪದದ ನಂತರ ವಿಸ್ತೀರ್ಣದ ಲಾಗರಿದಮ್‌ನ ಮೈನಸ್ 4 ಪಟ್ಟು ಬರುತ್ತದೆ. ಬರೀ ದ್ರವ್ಯರಾಶಿರಹಿತ ಕಣಗಳ ಏರಿಳಿತದಿಂದ, ಬ್ರೇನ್‌ಗಳ ಮಾತೇ ಎತ್ತದೆ, ಇದೇ ಮೈನಸ್ 4 ಬರುವುದನ್ನು ಸೇನ್ ಮತ್ತು ಸಹೋದ್ಯೋಗಿಗಳು ತೋರಿಸಿದ್ದಾರೆ. ಕ್ವಾಂಟಮ್ ಗುರುತ್ವದ ಯಾವ ಸಿದ್ಧಾಂತವೇ ಬರಲಿ, ದಾಟಬೇಕಾದ ಪರೀಕ್ಷೆ ಇದು.

ಈ ವಿಷಯದಲ್ಲಿ ಭಾರತದ ಪಾಲು ದೊಡ್ಡದು. ಸ್ಟ್ರಿಂಗ್‌ನ ಕಂಪನಗಳನ್ನು ಎಣಿಸಿ ಕಪ್ಪುಕುಳಿಯ ಎಂಟ್ರೊಪಿಗೆ ಹೋಲಿಸುವ ಕೆಲಸವನ್ನು ಎರಡು ಆವೇಶದ ಕುಳಿಗಳಿಗೆ ಸೇನ್ 1995ರಲ್ಲೇ, ಸ್ಟ್ರಾಮಿಂಗರ್–ವಾಫಾಗೂ ಮುಂಚೆ ಮಾಡಿದ್ದರು. ಕನಿಷ್ಠಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿಯ ಬ್ರೇನ್‌ಗಳಲ್ಲಿ ಎದುರುಬದುರು ಓಡುವ ಕಂಪನಗಳು ಡಿಕ್ಕಿ ಹೊಡೆದು ಹೊರಕ್ಕೆ ಕಣ ಕಳಿಸುವ ದರ ಹಾಕಿಂಗ್ ವಿಕಿರಣದ (ಉಷ್ಣತೆ ಇರುವುದರಿಂದ ಕಪ್ಪುಕುಳಿ ಹೊರಸೂಸುವ ಕಣಗಳ) ದರಕ್ಕೇ ಸರಿಹೊಂದುವುದನ್ನು 1996ರಲ್ಲಿ ಸುಮಿತ್ ದಾಸ್ ಮತ್ತು ಸಮೀರ್ ಮಾಥುರ್ ತೋರಿಸಿದರು; ಅದೇ ವರ್ಷ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ಅವಿನಾಶ್ ಧರ್, ಗೌತಮ್ ಮಂಡಲ್, ಸ್ಪೆಂಟಾ ವಾಡಿಯಾ ಇದೇ ಪ್ರಶ್ನೆಯನ್ನು ಬಿಡಿಸಿದರು. ವಾಡಿಯಾ ಮುಂದೆ ಬೆಂಗಳೂರಿನ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್‌ನ ಸ್ಥಾಪಕ ನಿರ್ದೇಶಕರಾದರು, ಸೇನ್ ಈಗ ಅಲ್ಲಿಯೇ ಇದ್ದಾರೆ. ರಾಮಾನುಜನ್ 1920ರ ಜನವರಿಯಲ್ಲಿ ಹಾರ್ಡಿಗೆ ಬರೆದ ಕೊನೆಯ ಪತ್ರದ ಮಾಕ್ ಥೀಟಾ ಫಲನಗಳು ಕೂಡ ಈ ಎಣಿಕೆಯಲ್ಲಿ ತಲೆ ಎತ್ತಿವೆ. ಒಂದೇ ಕಪ್ಪುಕುಳಿಯ ಸ್ಥಿತಿಗಳನ್ನು ಎರಡು ಕುಳಿಗಳ ಜೋಡಿಸ್ಥಿತಿಗಳಿಂದ ಬೇರ್ಪಡಿಸಿದಾಗ ಉಳಿಯುವುದು ಅಂಥ ಫಲನವೇ ಎಂದು 2012ರಲ್ಲಿ ದಾಭೋಲ್ಕರ್, ಮೂರ್ತಿ ಮತ್ತು ಗಣಿತಜ್ಞ ಡಾನ್ ಜಾಗಿಯರ್ ತೋರಿಸಿದರು.

ಇಷ್ಟಾದರೂ ಒಂದು ಪ್ರಶ್ನೆ ಹಾಗೇ ಉಳಿದಿದೆ. ಆ 8 ಸ್ಥಿತಿಗಳಲ್ಲಿ ಒಂದನ್ನು ಆರಿಸಿಕೊಂಡು ಗುರುತ್ವ ಪ್ರಬಲವಾಗುವವರೆಗೆ ತಂದರೆ ದಿಗಂತದ ಜಾಗದಲ್ಲಿ ಏನಿರುತ್ತದೆ? ಸೂಚ್ಯಂಕ ಸಂಖ್ಯೆಯನ್ನು ಕಾಪಾಡುತ್ತದೆ, ಆಕಾರವನ್ನು ಕಾಪಾಡುವುದಿಲ್ಲ. ದಿಗಂತವೇ ಇರುವುದಿಲ್ಲ, ಅಲ್ಲಿಯವರೆಗೂ ಸ್ಟ್ರಿಂಗ್, ಬ್ರೇನ್‌ಗಳು ಹರಡಿಕೊಂಡಿರುತ್ತವೆ ಎಂಬುದು ಮಾಥುರ್ ಅವರ ಫಜ್‌ಬಾಲ್ ಪಕ್ಷ. 2009ರಲ್ಲಿ ಅವರು ಅದಕ್ಕೆ ಬಲವಾದ ಕಾರಣವನ್ನೂ ಕೊಟ್ಟರು. ದಿಗಂತದಲ್ಲಿ ಹುಟ್ಟುವ ಪ್ರತಿ ಕಣಜೋಡಿ ಒಳಗಿನ ಮತ್ತು ಹೊರಗಿನ ಭಾಗಗಳ ಕ್ವಾಂಟಮ್ ತೊಡರನ್ನು (ಒಂದರ ಸ್ಥಿತಿ ಇನ್ನೊಂದರದಕ್ಕೆ ಹೆಣೆದುಕೊಳ್ಳುವುದನ್ನು) ಒಂದಿಷ್ಟು ಹೆಚ್ಚಿಸುತ್ತದೆ. ಹಾಕಿಂಗ್ ಲೆಕ್ಕಕ್ಕೆ ಸಣ್ಣಸಣ್ಣ ತಿದ್ದುಪಡಿ ಎಷ್ಟೇ ಸೇರಿಸಿದರೂ ಆ ಏರಿಕೆ ಇಳಿಕೆಯಾಗಿ ತಿರುಗದು. ಕುಳಿಗೆ ಬಿದ್ದದ್ದರ ಮಾಹಿತಿ ಅಳಿಯದೆ ಉಳಿಯಬೇಕಾದರೆ ದಿಗಂತದಲ್ಲಿ ದೊಡ್ಡ ಬದಲಾವಣೆಯೇ ಆಗಬೇಕು.

ಎರಡು ಆವೇಶದ ವ್ಯವಸ್ಥೆಯಲ್ಲಿ ದಿಗಂತವಿಲ್ಲದ ಪರಿಹಾರಗಳು ಸಾಕಷ್ಟು ಸಿಕ್ಕಿವೆ. ಮೂರು ಆವೇಶಕ್ಕೆ 2015ರಲ್ಲಿ ಇಯೋಸಿಫ್ ಬೇನಾ, ನಿಕೊಲಾಸ್ ವಾರ್ನರ್ ಮತ್ತಿತರರು ಸೂಪರ್‌ಸ್ಟ್ರಾಟಾ ಎಂಬ ಪರಿಹಾರಗಳ ದೊಡ್ಡ ಕುಟುಂಬವನ್ನೇ ಕಟ್ಟಿದರು. ಹೊರಗಿನಿಂದ ಕಪ್ಪುಕುಳಿಯಂತೆಯೇ ಇದ್ದು, ಆಳದ ಗಂಟಲಿನ ತುದಿಯಲ್ಲಿ ದಿಗಂತದ ಬದಲು ನಯವಾಗಿ ಮುಚ್ಚಿಕೊಳ್ಳುವ ಆಕಾರಗಳವು. ಆಮೇಲೆ ಮಸಾಕಿ ಶಿಗೆಮೊರಿ ಅವನ್ನು ಎಣಿಸಿದರು. ಆವೇಶಗಳು ಬೆಳೆದಂತೆ ಸೂಪರ್‌ಸ್ಟ್ರಾಟಾಗಳ ಎಂಟ್ರೊಪಿ ಕಪ್ಪುಕುಳಿಯ ಎಂಟ್ರೊಪಿಗಿಂತ ಹಿಂದೆ ಬೀಳುತ್ತಲೇ ಹೋಗುತ್ತದೆ. ತಪ್ಪಿಹೋದದ್ದು ಯಾವುದು ಎಂಬುದೂ ಗೊತ್ತು: ಉದ್ದದ ಸ್ಟ್ರಿಂಗ್‌ನ ಅದೇ ತುಣುಕು ಕಂಪನಗಳು. ಎಂಟ್ರೊಪಿಯ ಬಹುಪಾಲು ಇರುವ ಕಡೆಗೇ ಈ ಪರಿಹಾರಗಳು ತಲುಪುತ್ತಿಲ್ಲ.

ಐಸಿಟಿಎಸ್‌ನಿಂದ ಸುವ್ರತ್ ರಾಜು ಮತ್ತು ಪುಷ್ಕಲ್ ಶ್ರೀವಾಸ್ತವ 2018ರಲ್ಲಿ ಎತ್ತಿದ ಆಕ್ಷೇಪ ಇನ್ನೂ ಬುಡಕ್ಕೆ ಹೋಗುತ್ತದೆ. ಇಷ್ಟೊಂದು ಸ್ಥಿತಿಗಳಿರುವ ವ್ಯವಸ್ಥೆಯಲ್ಲಿ ಸಾಮಾನ್ಯ ಸ್ಥಿತಿಗಳೆಲ್ಲ ಯಾವ ಅಳತೆಯಲ್ಲೂ ಒಂದನ್ನೊಂದು ಅತ್ಯಂತ ನಿಕಟವಾಗಿ ಹೋಲುತ್ತವೆ. ಆದ್ದರಿಂದ ಸರಾಸರಿಗಿಂತ ಎದ್ದು ಕಾಣುವಷ್ಟು ಬೇರೆಯಾದ ಒಂದು ನಯವಾದ ಆಕಾರ ಸಾಮಾನ್ಯ ಸ್ಥಿತಿಯನ್ನು ಪ್ರತಿನಿಧಿಸಲಾರದು. ಎರಡು ಆವೇಶದ ಪರಿಹಾರಗಳಲ್ಲೂ, ಆಕಾರ ಮಾಮೂಲಿ ಕಪ್ಪುಕುಳಿಗಿಂತ ಬೇರೆಯಾಗುವ ಜಾಗದಲ್ಲೇ ಕ್ವಾಂಟಮ್ ಏರಿಳಿತಗಳು ಹದ್ದು ಮೀರಿ, ಆ ಆಕಾರವನ್ನು ನಂಬಲಾಗದಂತಾಗುತ್ತದೆ. ಈ ವಾದ ಮಾಥುರ್ ಅವರ ಮಾಹಿತಿಯ ತರ್ಕವನ್ನು ಮುಟ್ಟುವುದಿಲ್ಲ. ಆದರೆ ಸಿಕ್ಕ ಪರಿಹಾರಗಳನ್ನು ತೋರಿಸಿ ಕಪ್ಪುಕುಳಿಯ ಒಳರಚನೆ ಇದೇ ಎನ್ನುವುದು ಇನ್ನು ಸಲ್ಲದು ಎಂಬುದು ನನ್ನ ತೀರ್ಮಾನ.

ಇತ್ತೀಚಿನ ಎರಡು ಬೆಳವಣಿಗೆಗಳು ಚರ್ಚೆಯನ್ನು ಬೇರೆ ದಿಕ್ಕಿಗೆ ತಿರುಗಿಸಿವೆ. ಮ್ಯಾಥ್ಯೂ ಹೈಡೆಮನ್, ಲುಕಾ ಇಲಿಯೆಸಿಯು, ಗುಸ್ಟಾವೊ ಟುರಿಯಾಚಿ, ವೆನ್‌ಲಿ ಝಾವ್ 2020ರಲ್ಲಿ ಸೊನ್ನೆ ಉಷ್ಣತೆಯ ಹತ್ತಿರದ ಕಪ್ಪುಕುಳಿಗಳ ಕ್ವಾಂಟಮ್ ಏರಿಳಿತಗಳನ್ನು ಲೆಕ್ಕಹಾಕಿದರು. ಸೂಪರ್‌ಸಿಮ್ಮೆಟ್ರಿ ಇದ್ದರೆ ಕನಿಷ್ಠ ಶಕ್ತಿಯಲ್ಲಿ ಸೂತ್ರ ಹೇಳಿದಷ್ಟೇ ಸ್ಥಿತಿಗಳು ಗುಂಪಾಗಿ ಇರುತ್ತವೆ, ಅವುಗಳ ಮೇಲೆ ಶಕ್ತಿಯಲ್ಲಿ ಒಂದು ಖಾಲಿ ಅಂತರ, ಅದರಾಚೆಗೆ ಉಳಿದ ಸ್ಥಿತಿಗಳು. ಉದ್ದದ ಸ್ಟ್ರಿಂಗ್ ಚಿತ್ರ 1996ರಲ್ಲೇ ಸೂಚಿಸಿದ್ದ ಅಂತರ ಇದು. ಸೂಪರ್‌ಸಿಮ್ಮೆಟ್ರಿ ಇಲ್ಲದಿದ್ದರೆ ಆ ಗುಂಪೂ ಇಲ್ಲ, ಅಂತರವೂ ಇಲ್ಲ. ಕನಿಷ್ಠ ಶಕ್ತಿಯ ಕಡೆಗೆ ಹೋದಂತೆ ಸ್ಥಿತಿಗಳು ವಿರಳವಾಗುತ್ತವೆ.

ಎರಡನೆಯದು ಚಿ-ಮಿಂಗ್ ಚಾಂಗ್ ಮತ್ತು ಯಿಂಗ್-ಸುವಾನ್ ಲಿನ್ ಅವರ ವಿಂಗಡಣೆ. ಆಂಟಿ-ಡಿ ಸಿಟರ್ ಕಪ್ಪುಕುಳಿಗೆ ಸಮಾನವಾದ ಗುರುತ್ವರಹಿತ ಸಿದ್ಧಾಂತದಲ್ಲಿ ಮ್ಯಾಟ್ರಿಕ್ಸ್‌ಗಳಿವೆ; ಅವುಗಳ ಗಾತ್ರ ಎಷ್ಟೇ ಬೆಳೆಸಿದರೂ ಬಿಪಿಎಸ್ ಆಗಿಯೇ ಉಳಿಯುವ ಸ್ಥಿತಿಗಳು ಒಂದು ಬಗೆ. ಒಂದು ನಿರ್ದಿಷ್ಟ ಗಾತ್ರದಲ್ಲಿ ಮ್ಯಾಟ್ರಿಕ್ಸ್‌ಗಳ ನಡುವೆ ಇರುವ ವಿಶೇಷ ಸಂಬಂಧಗಳಿಂದಾಗಿ ಮಾತ್ರ ಬಿಪಿಎಸ್ ಆಗುವ, ಗಾತ್ರ ಹೆಚ್ಚಿಸಿದರೆ ಆ ಗುಣ ಕಳೆದುಕೊಳ್ಳುವ ಸ್ಥಿತಿಗಳು ಇನ್ನೊಂದು ಬಗೆ. ದಿಗಂತವಿಲ್ಲದ ನಯವಾದ ಆಕಾರಗಳಿಗೆ ಸಂಬಂಧಿಸಿದ್ದು ಮೊದಲ ಬಗೆ, ಕಪ್ಪುಕುಳಿಯ ಸಾಮಾನ್ಯ ಸ್ಥಿತಿಗಳು ಎರಡನೆಯ ಬಗೆ ಎಂಬುದು 2024ರಲ್ಲಿ ಅವರು ಮುಂದಿಟ್ಟ ಊಹೆ. ಎರಡನೆಯ ಬಗೆಯ ಮೊದಲ ಉದಾಹರಣೆ 2022ರಲ್ಲಿ ಅತಿ ಸಣ್ಣ, 2 × 2 ಮ್ಯಾಟ್ರಿಕ್ಸ್‌ಗಳಲ್ಲಿ ಸಿಕ್ಕಿತು. ಗಾತ್ರ ಒಂದೊಂದೇ ಹೆಚ್ಚಿಸಿ ಇನ್ನಷ್ಟು ಹುಡುಕುವ ಕೆಲಸ ಕಂಪ್ಯೂಟರ್ ನೆರವಿನಿಂದ ನಡೆದಿದೆ. ಹೆಚ್ಚಿಸಿದ ಪ್ರತಿ ಸಲವೂ ಪರೀಕ್ಷಿಸಬೇಕಾದ ಪದಗಳು ಮಿತಿಮೀರಿ ಬೆಳೆಯುವುದರಿಂದ ಅದು ನಿಧಾನದ ಕೆಲಸ. ಊಹೆ ನಿಂತರೆ ಸೂಪರ್‌ಸ್ಟ್ರಾಟಾಗಳ ಎಣಿಕೆ ಏಕೆ ಹಿಂದೆ ಬಿತ್ತು ಎಂಬುದಕ್ಕೂ ಅದರಿಂದಲೇ ಕಾರಣ ಸಿಗುತ್ತದೆ.

ಲೈಗೋಗೆ ಸಿಕ್ಕ ಕಪ್ಪುಕುಳಿಗಳಿಗೆ ಇವುಗಳಲ್ಲಿ ಯಾವ ಎಣಿಕೆಯೂ ನೇರವಾಗಿ ಅನ್ವಯಿಸುವುದಿಲ್ಲ. ಅವಕ್ಕೆ ಆವೇಶವಿಲ್ಲ, ಸೂಪರ್‌ಸಿಮ್ಮೆಟ್ರಿ ಇಲ್ಲ, ಉಷ್ಣತೆ ಇದೆ. ಸೂರ್ಯನಷ್ಟು ದ್ರವ್ಯರಾಶಿಗೆ ಅದು 6 × 10⁻⁸ ಕೆಲ್ವಿನ್. ಕುಳಿ ದೊಡ್ಡದಾದಂತೆ ಇನ್ನೂ ಕಡಿಮೆ. ಸೂಚ್ಯಂಕದ ರಕ್ಷಣೆ ಇಲ್ಲದ ಕಡೆ ಬಲವನ್ನು ಏರಿಸುವಾಗ ಸ್ಥಿತಿಗಳ ಶಕ್ತಿ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಹಿಂಬಾಲಿಸುವ ವಿಧಾನ ಈಗ ಯಾರ ಬಳಿಯೂ ಇಲ್ಲ. ಹೆಚ್ಚೆಂದರೆ ಕಪ್ಪುಕುಳಿ ಕುಗ್ಗಿ ಸ್ಟ್ರಿಂಗ್ ಉದ್ದದಷ್ಟಾದಾಗ ಅದು ಜೋರಾಗಿ ಕಂಪಿಸುವ ಒಂದೇ ಉದ್ದದ ಸ್ಟ್ರಿಂಗ್ ಆಗುತ್ತದೆ ಎಂಬ ವಾದ ಹೂಡಿ, ಎರಡರ ಎಂಟ್ರೊಪಿ ಆ ಘಟ್ಟದಲ್ಲಿ ಸರಿಸುಮಾರು ಸಮ ಎಂದು ತೋರಿಸಬಹುದು. ಗ್ಯಾರಿ ಹೊರೊವಿಟ್ಜ್ ಮತ್ತು ಪೊಲ್ಚಿನ್‌ಸ್ಕಿ 1996ರಲ್ಲಿ ಅದನ್ನೇ ಮಾಡಿದರು. ವಿಸ್ತೀರ್ಣಕ್ಕೆ ಎಂಟ್ರೊಪಿ ಅನುಪಾತದಲ್ಲಿರುವುದು ಅದರಿಂದ ಬರುತ್ತದೆ, 4 ಎಂಬ ಭಾಜಕ ಮಾತ್ರ ಬರುವುದಿಲ್ಲ.